ಕಾರಿನ ಬಾಗಿಲ ಮೇಲೊಂದು ಗೀರು

ಮನೆ ಮುಂದೆ ಮರ ಇದ್ದರೆ ನೆರಳು ಪುಕ್ಕಟೆ. ಅದರ ಜೊತೆ ಹಕ್ಕಿ ಹಿಕ್ಕೆಯೂ ಪುಕ್ಕಟೆ. ನಮ್ಮ ಕಾರು ನಿಲ್ಲುವುದು ಅಂಥ ಮರದ ಕೆಳಗೆ. ವಾರ ಕಳೆಯುವುದರೊಳಗೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು, ಬಾನೆಟ್ ತುಂಬ ಬಿಳಿ ಮಚ್ಚೆ.

ಕೆಲವು ತಿಂಗಳ ಹಿಂದೆ ಆ ಕಾರಿನ ಮೇಲೇ ನಮ್ಮ ಮನೆಯವರೆಲ್ಲರ ಜೀವ ನಿಂತಿತ್ತು. ಆಸ್ಪತ್ರೆಯ ನರ್ಸುಗಳನ್ನು ನಮ್ಮ ಕಾರಿನಲ್ಲೇ ಕೆಲಸಕ್ಕೆ ಕರೆತರುವ, ಮನೆಗೆ ಬಿಡುವ ಕೆಲಸ ಮಗಳಿಗೆ ಸಿಗುವುದರಲ್ಲಿತ್ತು. ಆಸ್ಪತ್ರೆಯವರು ಅವಳ ಡ್ರೈವಿಂಗ್ ನೋಡಿ ಒಪ್ಪಿದ್ದರು. "ಸಂಜೆ ಗಾಡಿ ತನ್ನಿ, ಅದನ್ನೂ ಒಂದ್ಸಲ ನೋಡ್ತೀವಿ" ಅಂದಿದ್ದರು. ಕಾರು ಹಳೆಯದು, ಅದಕ್ಕೇ ನಮಗೆ ಹೆದರಿಕೆ. ಅರ್ಜಿಗೆ ಬೇಕಾದ ಫೋಟೊ ತೆಗೆಸಿಕೊಂಡು ಬರುತ್ತೇನೆಂದು ಮಗಳು ಪೇಟೆಗೆ ಹೋದಳು. ಮನೆಯಲ್ಲಿ ಉಳಿದವರು ನಾನು ಮತ್ತು ನಮ್ಮ ಯಜಮಾನರು.

ಇವರು ಟೈಲರ್. ಹೊಲಿಗೆಗೆ ಕೂತರೆ ಅಲುಗದ ಮನುಷ್ಯ. ಅವತ್ತು ಮಾತ್ರ ಕೂತಲ್ಲಿ ಕೂರಲಿಲ್ಲ. ಮೆಷಿನ್ ಮುಂದೆ ಕೂರುವುದು, ಏಳುವುದು, ಬಾಗಿಲಿಗೆ ಹೋಗಿ ಕಾರು ನೋಡುವುದು, ಒಳಗೆ ಬಂದು ಗಡಿಯಾರ ನೋಡುವುದು. ಯಾರದೋ ಅಂಗಿಯ ಕಾಲರನ್ನು ತಿರುಗಾಮುರುಗಾ ಹೊಲಿದು ಮತ್ತೆ ಬಿಚ್ಚಿದರು. ಕೊನೆಗೆ ಕಾರನ್ನು ಮರದ ಕೆಳಗಿನಿಂದ ತೆಗೆದು ಸುಡು ಬಿಸಿಲಲ್ಲಿ ನಿಲ್ಲಿಸಿ, ಬಕೆಟ್ ಎತ್ತಿಕೊಂಡೇ ಬಿಟ್ಟರು.

"ರೀ, ನೆರಳಲ್ಲೇ ತೊಳೀಬಾರ್ದಾ? ಬಿಸಿಲಿಗೆ ಯಾಕೆ ತಂದ್ರಿ?"

"ಬೇಗ ಒಣಗ್ಲಿ ಅಂತ. ಬಟ್ಟೆ ಬಿಸಿಲಿಗೆ ಹಾಕಲ್ವಾ?"

ಪಾತ್ರೆ ತೊಳೆಯುವ ಪುಡಿಯನ್ನು ಬಕೆಟ್ಟಿಗೆ ಸುರಿದರು. ಒರೆಸುವ ಬಟ್ಟೆಗೆ ನಮ್ಮ ಮನೆಯಲ್ಲಿ ಬರವೇ? ಕಟ್‌ಪೀಸ್ ಚೀಲಕ್ಕೆ ಕೈ ಹಾಕಿ, ಸಿಕ್ಕಿದ್ದನ್ನು ಎಳೆದು, ಮುದ್ದೆ ಮಾಡಿ, ಅದ್ದಿ, ಧೂಳಿನ ಮೇಲೆಯೇ ಗಸಗಸ ಉಜ್ಜತೊಡಗಿದರು. ಬಾನೆಟ್ ಮೇಲಿನ ಹಿಕ್ಕೆಗೆ ಉಗುರು ಹಾಕಿದರು. ನನ್ನ ಮಾತು ಕಿವಿಗೆ ಹಾಕಿಕೊಂಡಿದ್ದರೆ ಅವರು ನಮ್ಮ ಯಜಮಾನರೇ ಅಲ್ಲ ಬಿಡಿ.

ಅಷ್ಟರಲ್ಲಿ ಎದುರು ಮನೆಯ ಪೇಂಟಕ್ಕ ಊಟಕ್ಕೆ ಬಂದಳು. ಕಾರುಗಳಿಗೆ ಬಣ್ಣ ಹೊಡೆಯುವ ಶೆಡ್ಡಿನಲ್ಲಿ ಅವಳ ಕೆಲಸ, ಅದಕ್ಕೇ ಆ ಹೆಸರು. ತನ್ನ ಮನೆಯ ಬೀಗ ತೆಗೆಯುವುದನ್ನೂ ಬಿಟ್ಟು ಓಡಿ ಬಂದಳು.

"ಅಣ್ಣಾ, ನಿಲ್ಸಿ! ಕೈ ತೆಗೀರಿ!"

"ಯಾಕಮ್ಮಾ? ಕೊಳೆ ಹೋಗ್ತಾ ಇದೆಯಲ್ಲ?"

"ಕೊಳೆ ಜೊತೆ ಹೊಳಪೂ ಹೋಗ್ತಾ ಇದೆ. ಇಲ್ಲಿ ಬಗ್ಗಿ ನೋಡಿ."

ನೋಡಿದೆವು. ಮುಂದಿನ ಬಾಗಿಲ ತುಂಬ ಕೂದಲೆಳೆಯಂಥ ಸುತ್ತು ಗೀರುಗಳು. ಅವುಗಳ ನಡುವೆ ಒಂದು ಉದ್ದನೆಯ ಬಿಳಿ ಗೀರು. ಪೇಂಟಕ್ಕ ಬಟ್ಟೆ ಇಸಿದುಕೊಂಡು ಬಿಡಿಸಿದಳು. ಮಡಿಕೆಯಲ್ಲಿ ಗುಂಡುಸೂಜಿ! ಹೊಲಿಯುವಾಗ ಜಾರದಿರಲಿ ಎಂದು ಚುಚ್ಚಿದ್ದು, ತೆಗೆಯಲು ಮರೆತದ್ದು.

"ಮಗಳ ಕೆಲಸಕ್ಕೆ ನಾನೇ ಕಲ್ಲು ಹಾಕಿದ್ನಲ್ಲೇ" ಎಂದು ಇವರು ಮೆಟ್ಟಿಲ ಮೇಲೆ ಕುಸಿದರು. ಮರುಕ್ಷಣ ಎದ್ದು ಮತ್ತೆ ಬಕೆಟ್ಟಿಗೆ ಕೈ ಹಾಕಿದರು.

"ಗಾಬರಿ ಬೇಡ ಅಣ್ಣಾ. ಕೆಟ್ಟಿರೋದು ಒಂದು ಬಾಗಿಲು ಅಷ್ಟೇ. ಮೊದ್ಲು ಆ ಸೋಪಿನ ಮೇಲೆ ನೀರು ಹುಯ್ದು, ಗಾಡಿನ ನೆರಳಿಗೆ ತನ್ನಿ."

"ಸೋಪು ಏನು ಮಾಡತ್ತಮ್ಮಾ? ಮಳೆ ಬಿಸಿಲಿಗೇ ಜಗ್ಗದ ಬಣ್ಣ!"

"ಕಲೆ ಇರೋ ಬಟ್ಟೆ ಮೇಲೆ ಇಸ್ತ್ರಿ ಆಡಿಸ್ತೀರಾ?"

"ಹುಚ್ಚಾ? ಕಲೆ ಅಲ್ಲೇ ಕೂತ್ಬಿಡತ್ತೆ."

"ಕಾದ ಕಾರಿನ ಮೇಲೆ ಸೋಪು ಒಣಗಿದ್ರೂ ಹಾಗೇ. ಬಣ್ಣದ ಮೇಲೆ ತೆಳ್ಳಗೆ ಒಂದು ಪದರ ಇರತ್ತೆ, ಹೊಳಪೆಲ್ಲ ಅದರದ್ದೇ. ಅದನ್ನ ಕಾಯೋಕೆ ವ್ಯಾಕ್ಸ್ ಅನ್ನೋ ಮೇಣ ಹಚ್ತೀವಿ, ಪಾತ್ರೆ ಪುಡಿ ಆ ಮೇಣಾನೇ ಕಿತ್ತು ಹಾಕತ್ತೆ. ಧೂಳಿನ ಮೇಲೆ ಉಜ್ಜಿದ್ರಂತೂ ಉಪ್ಪುಕಾಗದ ಹಿಡಿದು ಉಜ್ಜಿದ ಹಾಗೆ."

ಇವರಿಗೆ ಇಸ್ತ್ರಿಯ ಮಾತು ನಾಟಿತು. ಕಾರು ನೆರಳಿಗೆ ಬಂತು. ಪೇಂಟಕ್ಕ ಮನೆಯಿಂದ ತನ್ನ ಸಾಮಾನು ತಂದಳು. ಬಾನೆಟ್ ಮುಟ್ಟಿ ತಣ್ಣಗಾಗುವವರೆಗೂ ಕಾದಳು. ಹಿಕ್ಕೆಯ ಮೇಲೆ ಒದ್ದೆ ಬಟ್ಟೆ ಹೊದಿಸಿ, "ನೆನೀಲಿ, ಕೆರೀಬೇಡಿ" ಅಂದಳು. ಮಗ್ಗಿನಿಂದ ಮೇಲಿಂದ ಕೆಳಕ್ಕೆ ಬರೀ ನೀರು ಹುಯ್ಯಿಸಿದಳು. ಧೂಳು ತಾನಾಗಿಯೇ ಇಳಿಯಿತು. ಆಮೇಲೆ ಎರಡು ಬಕೆಟ್ ಇಟ್ಟಳು. ಒಂದರಲ್ಲಿ ಕಾರ್ ಶಾಂಪೂ, ಇನ್ನೊಂದರಲ್ಲಿ ಬರೀ ನೀರು.

"ಎರಡು ಯಾಕೆ? ಹೊತ್ತಾಗತ್ತೆ!" ಅಂದರು ಇವರು.

"ಕೊಳೆ ಬಟ್ಟೆನ ಸೋಪಿಗೇ ಅದ್ದಿದ್ರೆ, ತೆಗೆದ ಮಣ್ಣನ್ನ ತಿರುಗಿ ಕಾರಿಗೇ ಬಳಿದ ಹಾಗೆ ಅಣ್ಣಾ. ಮೊದ್ಲು ನೀರಲ್ಲಿ ಜಾಲಿಸಿ, ಆಮೇಲೆ ಸೋಪು. ಚಕ್ರ ಕೊನೇಲಿ, ಅದಕ್ಕೆ ಬೇರೆ ಬಟ್ಟೆ."

ಇವರದು ಒಂದು ಕಣ್ಣು ಕಾರಿನ ಮೇಲೆ, ಒಂದು ಕಣ್ಣು ಬೀದಿ ತಿರುವಿನ ಮೇಲೆ. ಯಾರ ಹೆಜ್ಜೆ ಸದ್ದಾದರೂ ಬೆಚ್ಚುತ್ತಿದ್ದರು. "ಅವಳು ಬಂದ್ಬಿಟ್ರೆ? ಬೇಗ, ಬೇಗ!"

"ಬೇಗ ಅಂದಿದ್ದಕ್ಕೇ ಆ ಗೀರು" ಎಂದು ನಾನೂ ಬಿಡಲಿಲ್ಲ.

ಸ್ವಲ್ಪ ಸ್ವಲ್ಪ ಭಾಗಕ್ಕೆ ಸೋಪು ಹಚ್ಚಿ, ಒಣಗುವ ಮೊದಲೇ ತೊಳೆದು, ಮೆತ್ತನೆ ಟವೆಲ್ ಒತ್ತಿ ನೀರು ಹೀರಿಸಿದೆವು. ನೆನೆದ ಹಿಕ್ಕೆ ಬಟ್ಟೆಯ ಜೊತೆಗೇ ಎದ್ದು ಬಂತು. ಕೊನೆಗೆ ವ್ಯಾಕ್ಸ್ ತೆಳ್ಳಗೆ ಸವರಿ ಒರೆಸಿದಾಗ ಮರದ ಎಲೆಗಳು ಬಾನೆಟ್ಟಿನಲ್ಲಿ ಕಾಣಿಸಿದವು. ಸಣ್ಣ ಗೀರುಗಳು ಮಸುಕಾದವು. ಉದ್ದನೆಯದು ಮಾತ್ರ ಹಾಗೇ ಇತ್ತು.

"ಇದು ಆಳಕ್ಕೆ ಇಳಿದಿದೆ ಅಣ್ಣಾ, ವ್ಯಾಕ್ಸಿಗೆ ಹೋಗಲ್ಲ" ಅಂದಳು ಪೇಂಟಕ್ಕ.

ಅದೇ ಹೊತ್ತಿಗೆ ಮಗಳು ಬಂದಳು. ಅವಳು ಬಾಯಿ ತೆರೆಯುವ ಮೊದಲೇ ಇವರು, "ನಾನೇ ಮಾಡಿದ್ದು ಮಗಳೇ. ಬಟ್ಟೇಲಿ ಗುಂಡುಸೂಜಿ ಇತ್ತು, ನೋಡ್ಲಿಲ್ಲ" ಅಂದುಬಿಟ್ಟರು.

ಅವಳು ಗೀರಿನ ಮೇಲೆ ಬೆರಳಾಡಿಸಿದಳು. ಆಮೇಲೆ ಅಪ್ಪನ ಕೈ ಹಿಡಿದು, ಅಂಗೈ ತಿರುಗಿಸಿ ನೋಡಿದಳು.

"ನಿಮಗೆ ಚುಚ್ಚಲಿಲ್ಲ ತಾನೇ ಅಪ್ಪಾ?"

ಇವರು ಮುಖ ಆಚೆ ತಿರುಗಿಸಿ ಇಲ್ಲವೆಂದು ತಲೆಯಾಡಿಸಿದರು. ನನಗಂತೂ ಅಳು ತಡೆಯಲಾಗಲಿಲ್ಲ.

ಸಂಜೆ ಅವಳು ಕಾರು ತೆಗೆದುಕೊಂಡು ಹೋದಮೇಲೆ ನಾವಿಬ್ಬರೂ ಒಳಗೂ ಇಲ್ಲ, ಹೊರಗೂ ಇಲ್ಲ. ದೂರದಿಂದಲೇ ಹಾರ್ನ್ ಕೇಳಿಸಿತು.

"ನಾಳೆಯಿಂದ್ಲೇ ಬನ್ನಿ ಅಂದ್ರು! ಹಳೇ ಗಾಡಿನ ಚೆನ್ನಾಗಿ ಇಟ್ಕೊಂಡಿದ್ದೀರಾ ಅಂದ್ರು!"

"ಆ ಗೀರು?" ಇವರು ಕಾರಿನ ಬಾಗಿಲು ತೋರಿಸಿ ಕೇಳಿದರು.

"ಕೇಳಿದ್ರು. ನನಗೋಸ್ಕರ ನಮ್ಮಪ್ಪ ತೊಳೆದಾಗ ಆಯ್ತು ಅಂದೆ."

ಈಗ ಕಾರು ತೊಳೆಯುವ ದಿನ ಇವರು ಬಟ್ಟೆಯನ್ನು ಬಿಡಿಸಿ, ಕೊಡವಿ, ಬೆಳಕಿಗೆ ಹಿಡಿದು ನೋಡದೆ ನೀರಿಗೆ ಅದ್ದುವುದಿಲ್ಲ. ಬೀದಿಯಲ್ಲಿ ಯಾರಾದರೂ ಬಿಸಿಲಲ್ಲಿ ಗಾಡಿ ಉಜ್ಜುತ್ತಿದ್ದರೆ ಹೊಲಿಗೆ ಬಿಟ್ಟು ಓಡುತ್ತಾರೆ. ಆ ಗೀರಿಗೆ ಬಣ್ಣ ಹೊಡೆಸೋಣವೆಂದರೆ ಮಗಳು ಒಪ್ಪುತ್ತಿಲ್ಲ.

ನಿಮ್ಮ ಮನೆ ಮುಂದೆಯೂ ಒಂದು ಗಾಡಿ ಇರಬಹುದು. ಅದು ಯಾರದೋ ದುಡಿಮೆ, ಯಾರದೋ ಆಸೆ. ಅದನ್ನು ನೆರಳಿಗೆ ತನ್ನಿ, ತಣ್ಣಗಾಗಲು ಬಿಡಿ. ಮೊದಲು ನೀರು ಹುಯ್ಯಿರಿ, ಆಮೇಲೆ ಕೈ ಹಚ್ಚಿ. ಪಾತ್ರೆ ಪುಡಿ ಪಾತ್ರೆಗೇ ಇರಲಿ. ಮತ್ತೆ, ದಯವಿಟ್ಟು, ಆ ಬಟ್ಟೆಯನ್ನು ಒಮ್ಮೆ ಬಿಡಿಸಿ ನೋಡಿ.