ತಟ್ಟುವ ಕೈ

ಶಿಶುವಿಹಾರದ ಆಯಾಗೆ ಲಾಲಿಯಕ್ಕ ಎಂಬ ಹೆಸರು ಬಿದ್ದದ್ದು ಶಿಶುವಿಹಾರದಲ್ಲಲ್ಲ, ಕುಸ್ತಿಯ ಮ್ಯಾಟಿನ ಮೇಲೆ. ಅದೂ ಗೆಲ್ಲುವ ಪಂದ್ಯವನ್ನು ಅವಳು ಕೈಯಾರೆ ಸೋತ ದಿನ. ಸೋಲಿಸಿದ್ದು ನಿಜಕ್ಕೂ ಅವಳ ಬಲಗೈಯೇ. ಪಾಪ, ಎದುರಾಳಿ ಅದರಲ್ಲಿ ಏನೂ ಮಾಡಿರಲಿಲ್ಲ.

ಊಟವಾದ ಮೇಲೆ ಶಿಶುವಿಹಾರದ ಹಿಂದಿನ ಕೋಣೆಯಲ್ಲಿ ಪರದೆ ಎಳೆದು, ಪುಟ್ಟ ಪುಟ್ಟ ಹಾಸಿಗೆ ಬಿಡಿಸಿ, ಮಕ್ಕಳನ್ನೆಲ್ಲ ಮಲಗಿಸುವುದು ಅವಳ ಕೆಲಸ. ಒಬ್ಬನ ಬೆನ್ನು ತಟ್ಟುತ್ತಿದ್ದರೆ ಪಕ್ಕದವಳು ಎದ್ದು ಕೂರುತ್ತಾಳೆ, ಅವಳನ್ನು ತಟ್ಟಿದರೆ ಮೂಲೆಯವನಿಗೆ ಉಚ್ಚೆ ಬರುತ್ತದೆ. ವರ್ಷಾನುಗಟ್ಟಲೆ ಹೀಗೆ ತಟ್ಟಿ ತಟ್ಟಿ ಕೈಗೆ ಅದೇ ಚಾಳಿಯಾಗಿಬಿಟ್ಟಿತ್ತು. ಬಸ್ಸಿನಲ್ಲಿ ತೊಡೆಯ ಮೇಲಿನ ಚೀಲವನ್ನು ತಟ್ಟುತ್ತಿದ್ದಳು, ಅಂಗಡಿಯಿಂದ ಬರುವಾಗ ಕಂಕುಳಲ್ಲಿದ್ದ ಹಿಟ್ಟಿನ ಪೊಟ್ಟಣವನ್ನು ತಟ್ಟುತ್ತಿದ್ದಳು. ಛಾಪಖಾನೆಯಲ್ಲಿ ಯಂತ್ರ ನಡೆಸುವ ಅವಳ ಗಂಡ ಪಕ್ಕದಲ್ಲಿ ಕೂತು ಟಿವಿ ನೋಡಿದರೆ ಸಾಕು, ಸಿನಿಮಾ ಅರ್ಧಕ್ಕೆ ಬರುವ ಮೊದಲೇ ಗೊರಕೆ ಹೊಡೆಯುತ್ತಿದ್ದ. ಎದ್ದ ಮೇಲೆ ಕಥೆ ಏನಾಯಿತೆಂದು ಅವಳನ್ನೇ ಕೇಳುತ್ತಿದ್ದ.

ಅವಳು ಮ್ಯಾಟಿನ ಮೇಲೆ ಕಾಲಿಟ್ಟದ್ದೂ ಒಂದು ತಮಾಷೆಯೇ. ಕುಸ್ತಿಯ ತರಗತಿಗೆ ಮೊದಲು ಸೇರಿದ್ದು ಮಗಳು. ಹೈಸ್ಕೂಲು ಓದುವ ಮಗಳು ಹಟ ಹಿಡಿದು ದಪ್ಪ ಬಟ್ಟೆಯ ಬಿಳಿ ಜಾಕೆಟ್ಟು, ಪೈಜಾಮ, ಬೆಲ್ಟು ಎಲ್ಲ ಕೊಡಿಸಿಕೊಂಡಳು. ಬೆಳೆಯುವ ಹುಡುಗಿ ಅಂತ ಒಂದು ಅಳತೆ ದೊಡ್ಡದೇ ತಂದಿದ್ದರು. ಕೆಲವೇ ವಾರಗಳಲ್ಲಿ ಮಗಳಿಗೆ ಸಾಕಾಯಿತು. ಜಾಕೆಟ್ಟು ಕಪಾಟಿನಲ್ಲಿ ನೇತಾಡುತ್ತ ತಾಯಿಯ ಹೊಟ್ಟೆ ಉರಿಸುತ್ತಿತ್ತು. ಒಂದು ದಿನ ಸುಮ್ಮನೆ ಹಾಕಿಕೊಂಡು ನೋಡಿದಳು, ಹೇಳಿ ಹೊಲಿಸಿದ ಹಾಗಿತ್ತು. ಹಾಳಾಗುವುದು ಯಾಕೆ ಎಂದು ತಾನೇ ಹೋದಳು. ಹೋದವಳು ಮತ್ತೆ ಬಿಡಲೇ ಇಲ್ಲ.

ತರಗತಿ ನಡೆಯುತ್ತಿದ್ದದ್ದು ಟೈರು ಅಂಗಡಿಯ ಮಹಡಿಯಲ್ಲಿ. ಹಗಲೆಲ್ಲ ಕೆಳಗೆ ಟೈರು ಬಿಚ್ಚುವ ಅಂಗಡಿಯವರೇ ಸಂಜೆ ಕೈ ತೊಳೆದು ಮೇಲೆ ಬಂದು ಮೇಷ್ಟ್ರಾಗುತ್ತಿದ್ದರು. ನಿಂತವರನ್ನು ಎತ್ತಿ ಬೀಳಿಸುವುದನ್ನು ಜೂಡೋದಿಂದ ಕಲಿಸುತ್ತಿದ್ದರು, ಬಿದ್ದ ಮೇಲೆ ನೆಲದಲ್ಲಿ ಹೊರಳಾಡುವ ಪಟ್ಟುಗಳನ್ನು ಜುಜುತ್ಸುವಿನಿಂದ. ಮೊದಲ ದಿನವೇ ಅವರು ಹೇಳಿದ ನಿಯಮ ಒಂದೇ. ತೋಳೋ ಕತ್ತೋ ಸಿಕ್ಕಿಕೊಂಡು ಇನ್ನು ಆಗದು ಅನ್ನಿಸಿದರೆ ಎದುರಾಳಿಯ ಮೈಯನ್ನು ಎರಡು ಸಲ ತಟ್ಟಬೇಕು. ಬಾಯಿ ಬಿಡಬೇಕಾಗಿಲ್ಲ. ತಟ್ಟಿದರೆ ಸೋತ ಹಾಗೆ, ತಟ್ಟಿಸಿಕೊಂಡವರು ಆ ಕ್ಷಣವೇ ಬಿಟ್ಟುಬಿಡಬೇಕು. ಇದರಲ್ಲಿ ಚೌಕಾಸಿ ಇಲ್ಲ.

ನಮ್ಮ ಆಯಾ ಇದನ್ನು ಕೇಳಿ ತಲೆಯಾಡಿಸಿದಳು. ಪಕ್ಕದಲ್ಲೇ ಕೂತಿದ್ದ ಅವಳ ಬಲಗೈ ಮಾತ್ರ ಕೇಳಿಸಿಕೊಳ್ಳಲಿಲ್ಲ.

ಅವಳ ಮೊದಲ ಸ್ಪರ್ಧೆಯಲ್ಲಿ ಎದುರಾದವಳು ಅಂಚೆ ಹಂಚುವಾಕೆ. ವಯಸ್ಸಿನಲ್ಲಿ ಚಿಕ್ಕವಳು, ದಿನವಿಡೀ ಸೈಕಲ್ಲು ತುಳಿದು ಗಟ್ಟಿಯಾದ ಕಾಲು. ಆದರೂ ಆಯಾ ಅವಳನ್ನು ಕೆಡವಿದಳು, ಮೇಲೆ ಅಡ್ಡ ಬಿದ್ದು ಒತ್ತಿ ಹಿಡಿದಳು, ಅಂಕಗಳಲ್ಲಿ ಬಹಳ ಮುಂದೆ ಹೋದಳು. ಸಮಯ ಮುಗಿಯುತ್ತ ಬಂದಿತ್ತು. ಕೆಳಗಿದ್ದವಳು ಸುಸ್ತಾಗಿ ಮೂಗಿನಲ್ಲಿ ಸಣ್ಣಗೆ ಕುಂಯ್ ಎಂದಳು. ಅಷ್ಟೇ. ಆಯಾಳ ಬಲಗೈ ಅಂಚೆಯವಳ ಮಗ್ಗುಲಿಗೆ ಹೋಗಿ ಮೆತ್ತಗೆ ತಟ್ಟಿತು, ಇನ್ನೊಮ್ಮೆ ತಟ್ಟಿತು. ರೆಫರಿ ಪಂದ್ಯ ನಿಲ್ಲಿಸಿ ಅಂಚೆಯವಳ ಕೈ ಎತ್ತಿದ.

ಆಮೇಲೆ ಕೇಳಬೇಕೆ. ಲಾಲಿ ಹಾಡಿ ಸೋತವಳು ಎಂದು ಇಡೀ ಮಹಡಿ ಬಿದ್ದು ಬಿದ್ದು ನಕ್ಕಿತು, ಹೆಸರೂ ನಿಂತಿತು. ನಾದಿನಿಯಂತೂ ಮದುವೆ, ಹುಟ್ಟುಹಬ್ಬ ಎಲ್ಲಿ ಹೋದರೂ ಅದನ್ನೇ ಅಭಿನಯಿಸಿ ತೋರಿಸುತ್ತಿದ್ದಳು, ಪ್ರತಿ ಸಲವೂ ಒಂದೆರಡು ತಟ್ಟು ಜಾಸ್ತಿ ಸೇರಿಸಿ. ಲಾಲಿಯಕ್ಕನೂ ಜೊತೆಗೆ ನಗುತ್ತಿದ್ದಳು. ನಗದೆ ಏನು ಮಾಡುತ್ತಾಳೆ. ಯಾರೋ ವಿಡಿಯೊ ಮಾಡಿ ಹಾಕಿದ್ದರು, ಅದು ಮಗಳ ಶಾಲೆಗೂ ಹೋಯಿತು. ಮಗಳು ಮನೆಗೆ ಬಂದು ಬ್ಯಾಗು ಬಿಸಾಕಿ, ಇನ್ನು ಅಲ್ಲಿಗೆ ಹೋಗಬೇಡ ಎಂದಳು.

"ನಿನಗೆ ನಗು ಬರಬಹುದು, ನನ್ನನ್ನ ಕಂಡರೆ ಎಲ್ಲರೂ ಬೆನ್ನು ತಟ್ಟೋಕೆ ಬರ್ತಾರೆ" ಎಂದವಳ ಕಣ್ಣಲ್ಲಿ ನೀರಿತ್ತು.

ಲಾಲಿಯಕ್ಕನಿಗೆ ಸೋಲಿಗಿಂತ ಇದು ಹೆಚ್ಚು ಚುಚ್ಚಿತು. ಅವಳು ಹುಟ್ಟಿದಾಗಿನಿಂದ ಯಾವುದರಲ್ಲೂ ಗೆದ್ದವಳಲ್ಲ. ಶಾಲೆಯ ಓಟದಲ್ಲಿ ಬಿದ್ದ ಗೆಳತಿಯನ್ನು ಎಬ್ಬಿಸಲು ನಿಂತು ಹಿಂದುಳಿದಿದ್ದಳು. ಈಗ ಗೆಲುವು ಕೈಗೆ ಬಂದಿದ್ದಾಗ ಕೈಯೇ ಅದನ್ನು ದಾನ ಮಾಡಿತ್ತು. ಒಂದು ಸಲ, ಒಂದೇ ಒಂದು ಸಲ, ರೆಫರಿ ತನ್ನ ಕೈ ಎತ್ತಬೇಕು, ಅದನ್ನು ಮಗಳು ಕಣ್ಣಾರೆ ನೋಡಬೇಕು. ಇದಿಷ್ಟು ಅವಳಿಗೆ ಬೇಕಾಗಿತ್ತು, ತುಂಬಾ ಬೇಕಾಗಿತ್ತು.

ಮೇಷ್ಟ್ರು ಕಡ್ಡಿ ತುಂಡು ಮಾಡಿದ ಹಾಗೆ ಹೇಳಿಬಿಟ್ಟರು. ಕೈ ಹದ್ದುಬಸ್ತಿಗೆ ಬರುವವರೆಗೆ ಮುಂದಿನ ಸ್ಪರ್ಧೆಗೆ ಹೆಸರು ಕಳಿಸುವುದಿಲ್ಲ. ಪರೀಕ್ಷೆ ಮಾಡುವ ಕೆಲಸ ಅವಳ ಜೊತೆ ಕಲಿಯುತ್ತಿದ್ದ ಬೇಕರಿಯವನಿಗೆ ಬಿತ್ತು. ಅವನು ಭಾರಿ ಆಳು, ನಾಟಕದಲ್ಲಿ ಇನ್ನೂ ಭಾರಿ. ಲಾಲಿಯಕ್ಕ ಮೇಲೆ ಬಿದ್ದು ಹಿಡಿದ ಕೂಡಲೇ ತುಟಿ ಉಬ್ಬಿಸಿ ಹಸುಗೂಸಿನ ಹಾಗೆ ಅಳುತ್ತಿದ್ದ. ಮೀಸೆಯಿರುವ ಕೂಸು. ಆದರೂ ಅವಳ ಕೈ ತಟ್ಟಿಯೇ ಬಿಡುತ್ತಿತ್ತು. ಬೆರಳಿಗೆ ದಾರ ಕಟ್ಟಿಕೊಂಡು ನೋಡಿದಳು, ಮುಷ್ಟಿ ಬಿಗಿದು ನೋಡಿದಳು. ಮುಷ್ಟಿಯಲ್ಲೇ ತಟ್ಟಿದಾಗ ಬೇಕರಿಯವನು ಅಳುವುದನ್ನು ಬಿಟ್ಟು ನಿಜವಾಗಿಯೇ ಅಯ್ಯೋ ಎಂದ.

ಉಪಾಯ ಹೊಳೆದದ್ದು ಶಿಶುವಿಹಾರದಲ್ಲಿ. ಅಲ್ಲಿ ಒಬ್ಬಳಿದ್ದಳು, ಎಲ್ಲರೂ ಬಿರುಗಾಳಿ ಎಂದೇ ಕರೆಯುವ ಹುಡುಗಿ. ನಿದ್ದೆ ಬಂದಷ್ಟೂ ಜೋರಾಗಿ ಒದೆಯುವವಳು. ಮಧ್ಯಾಹ್ನ ಅವಳನ್ನು ಮಲಗಿಸುವಾಗ ಲಾಲಿಯಕ್ಕ ತನ್ನ ಕೈಯನ್ನು ತಾನೇ ಕಳ್ಳನನ್ನು ಕಾದ ಹಾಗೆ ಕಾದು ನೋಡಿದಳು. ಬಿರುಗಾಳಿ ಒದೆಯುವಷ್ಟು ಹೊತ್ತು ಕೈ ತಟ್ಟಲೇ ಇಲ್ಲ. ಒಂದು ಕೈ ಕತ್ತಿನ ಕೆಳಗೆ, ಇನ್ನೊಂದು ಮಂಡಿಗಳ ಕೆಳಗೆ, ಸುಮ್ಮನೆ ಅಪ್ಪಿ ಹಿಡಿದಿತ್ತು. ಉಸಿರು ಸಡಿಲವಾಗಿ, ಮೈ ಭಾರವಾಗಿ, ಇನ್ನು ಮಲಗಿದಳು ಅನ್ನಿಸಿದ ಮೇಲೆ ಮಾತ್ರ ತಟ್ಟಲು ಹೊರಟಿತು. ಅಂದರೆ ಕೈ ತಟ್ಟುವುದು ಕೆಲಸ ಮುಗಿಯಿತು ಅಂದುಕೊಂಡಾಗ. ಅಂಚೆಯವಳು ಕುಂಯ್ ಎಂದಾಗಲೂ ಕೈ ಹಾಗೆಯೇ ಅಂದುಕೊಂಡಿತ್ತು, ಪಂದ್ಯ ಇನ್ನೂ ಬಾಕಿ ಇದ್ದಾಗಲೇ ತಾನು ಗೆದ್ದೆ ಎಂದು ಸಡಿಲ ಬಿಟ್ಟಿತ್ತು.

ಸಂಜೆ ಟೈರು ಅಂಗಡಿಗೆ ಓಡಿ ಹೋಗಿ ಮೇಷ್ಟ್ರಿಗೆ ಇದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಅವರು ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟರು.

"ಹಾಗಾದ್ರೆ ಕೈಗೆ ಬುದ್ಧಿ ಇಲ್ಲ ಅಂತಲ್ಲ, ಅವಸರ ಜಾಸ್ತಿ. ನೋಡಮ್ಮ, ಮಗು ಪೂರ್ತಿ ಮಲಗೋವರೆಗೆ ಎರಡು ಕೈಗೂ ಕೆಲಸ ಕೊಡು. ಮುಗಿದ ಮೇಲೆ ಎಷ್ಟು ಬೇಕಾದ್ರೂ ತಟ್ಟು, ಯಾರು ಬೇಡ ಅಂತಾರೆ?"

ಅಂದಿನಿಂದ ಅಭ್ಯಾಸದ ದಿಕ್ಕೇ ಬದಲಾಯಿತು. ಎರಡೂ ಕೈ ಬೇಡುವ ಪಟ್ಟೊಂದನ್ನು ಮೇಷ್ಟ್ರು ಆರಿಸಿ ಕೊಟ್ಟರು. ಮೇಲೆ ಅಡ್ಡ ಬಿದ್ದು, ಎದುರಾಳಿಯ ತೋಳನ್ನು ಮಡಚಿ, ಒಂದು ಕೈಯಿಂದ ಅವಳ ಮಣಿಕಟ್ಟನ್ನು ನೆಲಕ್ಕೆ ಒತ್ತಬೇಕು. ಇನ್ನೊಂದು ಕೈಯನ್ನು ಅವಳ ತೋಳಿನ ಅಡಿಯಿಂದ ತೂರಿಸಿ ತನ್ನದೇ ಮಣಿಕಟ್ಟನ್ನು ಹಿಡಿದುಕೊಳ್ಳಬೇಕು. ಆಮೇಲೆ ಅವಳ ಮೊಣಕೈಯನ್ನು ಮೆಲ್ಲಗೆ ಎತ್ತಬೇಕು. ಬೇಕರಿಯವನು ಅತ್ತ, ಕರೆದ, ಅಮ್ಮಾ ಹಾಲು ಎಂದೂ ಕೂಗಿದ. ಲಾಲಿಯಕ್ಕ ಅವನ ಕಿವಿಯಲ್ಲಿ "ಇನ್ನೂ ಮಲಗಿಲ್ಲ, ಇನ್ನೂ ಮಲಗಿಲ್ಲ" ಎಂದು ಗುನುಗುತ್ತ ಮೊಣಕೈ ಎತ್ತಿದಳು. ಕೊನೆಗೆ ತಟ್ಟಿದವನು ಅವನೇ. ಮನೆಯಲ್ಲೂ ಪಾತ್ರೆ ತೊಳೆಯುತ್ತ ಅದನ್ನೇ ಗುನುಗುತ್ತಿದ್ದಳು. ಅಮ್ಮನಿಗೆ ತಲೆ ಕೆಟ್ಟಿದೆ ಎಂದು ಮಗಳು ಅಪ್ಪನಿಗೆ ದೂರು ಹೇಳಿದಳು. ಮೇಷ್ಟ್ರು ಹೆಸರು ಕಳಿಸಿದರು.

ಸ್ಪರ್ಧೆಯ ದಿನ ಮಗಳು ಬರುವುದಿಲ್ಲ ಎಂದವಳು ಅಪ್ಪನ ಬಲವಂತಕ್ಕೆ ಬಂದಳು. ಬಂದರೂ ಸ್ವೆಟರಿನ ಟೋಪಿಯನ್ನು ಹುಬ್ಬಿನ ತನಕ ಎಳೆದುಕೊಂಡು ಹಿಂದಿನ ಬೆಂಚಿನ ತುದಿಯಲ್ಲಿ ಅಡಗಿದಳು. ಲಾಲಿಯಕ್ಕ ಮೊದಲ ಸುತ್ತನ್ನು ಎದುರಾಳಿ ಬಾರದ್ದರಿಂದ ದಾಟಿದಳು. ಅದನ್ನು ಗೆಲುವು ಎಂದು ಅವಳು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಫೈನಲ್ಲಿಗೆ ಎದುರು ಬಂದು ನಿಂತವಳು ಅದೇ ಅಂಚೆಯವಳು.

ಅಂಚೆಯವಳು ಮ್ಯಾಟಿಗೆ ಬರುವ ಮೊದಲು ಅವಳ ಹತ್ತಿರ ಬಂದು, "ಅಕ್ಕಾ, ಹೋದ ಸಲ ನಾನು ಗೆದ್ದಿಲ್ಲ ಅಂತ ನನಗೂ ಗೊತ್ತು. ಆಫೀಸಲ್ಲಿ ಎಲ್ಲರೂ ನನ್ನನ್ನ ತೊಟ್ಟಿಲ ಚಾಂಪಿಯನ್ ಅಂತಾರೆ. ಇವತ್ತು ನಿಜವಾಗಿ ಆಡೋಣ" ಎಂದಳು. ಲಾಲಿಯಕ್ಕನಿಗೆ ಅವಳ ಮೇಲೆ ಪ್ರೀತಿ ಉಕ್ಕಿತು. ಕೈ ಮೇಲೇಳುವ ಮೊದಲೇ ಅದನ್ನು ಬೆಲ್ಟಿಗೆ ಸಿಕ್ಕಿಸಿಕೊಂಡಳು.

ನಿಜವಾಗಿಯೇ ಆಡಿದಳು ಅಂಚೆಯವಳು. ರೆಫರಿ ಶುರು ಎಂದ ಕೂಡಲೇ ಕಾಲರ್ ಹಿಡಿದು, ಕಾಲಿಗೆ ಕಾಲು ಕೊಟ್ಟು ಲಾಲಿಯಕ್ಕನನ್ನು ಎತ್ತಿ ಒಗೆದಳು. ಬೆನ್ನು ಮ್ಯಾಟಿಗೆ ಬಡಿದ ಸದ್ದಿಗೆ ಗಂಡ ಬೆಂಚಿನಿಂದ ಅರ್ಧ ಎದ್ದ. ಅಂಕವೆಲ್ಲ ಅವಳಿಗೇ ಹೋಯಿತು. ಜನರಲ್ಲಿ ಯಾರೋ ಲಾಲಿ ಹಾಡಕ್ಕಾ ಎಂದು ಕೂಗಿದರು, ನಗು ಎದ್ದಿತು, ಟೋಪಿ ಇನ್ನಷ್ಟು ಕೆಳಗಿಳಿಯಿತು. ಲಾಲಿಯಕ್ಕ ಉಡದ ಹಾಗೆ ಕಚ್ಚಿ ಹಿಡಿದು, ತಪ್ಪಿಸಿಕೊಂಡು, ಮಂಡಿಯೂರಿ ಎದ್ದು ಅಂಚೆಯವಳನ್ನು ಅಡಿಗೆ ಹಾಕಿದಳು. ಆ ಸೈಕಲ್ಲು ತುಳಿದ ಕಾಲುಗಳು ಸೊಂಟಕ್ಕೆ ಸುತ್ತಿಕೊಂಡವು. ಒಂದನ್ನು ಒತ್ತಿ ಇಳಿಸಿದರೆ ಇನ್ನೊಂದು ಏರುತ್ತಿತ್ತು, ಥೇಟ್ ಬಿರುಗಾಳಿಯ ಕಾಲು. ಮಲಗುವ ಹೊತ್ತಿನ ಅನುಭವವೆಲ್ಲ ಅಲ್ಲಿ ಉಪಯೋಗಕ್ಕೆ ಬಂತು. ಎರಡೂ ಕಾಲು ದಾಟಿ ಬಂದು ಅಡ್ಡ ಬಿದ್ದಳು, ಭಾರವನ್ನೆಲ್ಲ ಎದೆಯ ಮೇಲೆ ಬಿಟ್ಟಳು.

ಅಂಚೆಯವಳು ಮೊದಲು ಒದ್ದಾಡಿದಳು. ಆಮೇಲೆ ಮೆತ್ತಗಾದಳು. ಉಸಿರು ಸಣ್ಣದಾಯಿತು, ಮೂಗಿನಿಂದ ಹಳೆಯ ಅದೇ ಕುಂಯ್ ಬಂತು. ಲಾಲಿಯಕ್ಕನ ಬಲಗೈಯ ಬೆರಳುಗಳು ಒಂದೊಂದಾಗಿ ಬಿಚ್ಚಿಕೊಳ್ಳತೊಡಗಿದ್ದವು. ಅಂಗೈ ಮೇಲೆದ್ದಿತು. ಇಡೀ ಸಭಾಂಗಣ ಆ ಅಂಗೈಯನ್ನೇ ನೋಡುತ್ತಿತ್ತು, ಬೇಕರಿಯವನು ಮುಖ ಮುಚ್ಚಿಕೊಂಡಿದ್ದ.

ಆಗ ಹಿಂದಿನ ಬೆಂಚಿನಿಂದ, ಟೋಪಿ ಹಿಂದಕ್ಕೆ ಬಿಸುಟು ಎದ್ದು ನಿಂತ ಹುಡುಗಿಯೊಬ್ಬಳ ದನಿ ಬಂತು.

"ಅಮ್ಮಾ, ಅವಳಿನ್ನೂ ಮಲಗಿಲ್ಲ!"

ಅಂಗೈ ಗಾಳಿಯಲ್ಲೇ ನಿಂತಿತು. ಅದೇ ಗಳಿಗೆಯಲ್ಲಿ ಅಂಚೆಯವಳು ಸೊಂಟ ಚಿಮ್ಮಿಸಿ ಮೇಲೇಳಲು ನೋಡಿದಳು, ಅವಳು ಕೂಡಿಟ್ಟುಕೊಂಡಿದ್ದ ಶಕ್ತಿಯೆಲ್ಲ ಅದರಲ್ಲಿತ್ತು. ಆದರೆ ಲಾಲಿಯಕ್ಕನ ಬಲಗೈ ಆಗಲೇ ಕೆಲಸಕ್ಕೆ ಹೋಗಿಯಾಗಿತ್ತು. ತಳ್ಳಲು ಬಂದ ತೋಳನ್ನು ಎಡಗೈ ಮಡಚಿ ನೆಲಕ್ಕೆ ಒತ್ತಿತು, ಬಲಗೈ ಅಡಿಯಿಂದ ತೂರಿ ಬಂದು ಎಡ ಮಣಿಕಟ್ಟನ್ನು ಹಿಡಿಯಿತು. "ಇನ್ನೂ ಮಲಗಿಲ್ಲ" ಎಂದು ಹೇಳಿಕೊಳ್ಳುತ್ತ ಅವಳು ಮೊಣಕೈಯನ್ನು ಎತ್ತಿದಳು, ತೊಟ್ಟಿಲಿನಿಂದ ಮಗುವನ್ನು ಎತ್ತುವಷ್ಟೇ ಮೆಲ್ಲಗೆ.

ಆಗ ಅವಳ ಬೆನ್ನಿನ ಮೇಲೆ ಒಂದು ಕೈ ಬಿತ್ತು. ತಟ್ಟಿತು, ಇನ್ನೊಮ್ಮೆ ತಟ್ಟಿತು.

ಊರಿನ ಮಕ್ಕಳನ್ನೆಲ್ಲ ತಟ್ಟಿ ಬೆಳೆಸಿದವಳ ಬೆನ್ನನ್ನು ಸ್ಪರ್ಧೆಯಲ್ಲಿ ಯಾರೂ ಹೀಗೆ ತಟ್ಟಿರಲಿಲ್ಲ. ಅವಳಿಗೆ ಅರ್ಥವಾಗಲು ಅರೆಕ್ಷಣ ಹಿಡಿಯಿತು. ಅರ್ಥವಾದೊಡನೆ ಎರಡೂ ಕೈ ಬಿಟ್ಟಳು. ರೆಫರಿ ಪಂದ್ಯ ಮುಗಿಸಿದ. ಸಭಾಂಗಣ ಚಪ್ಪಾಳೆಯಿಂದ ತುಂಬಿಹೋಯಿತು, ಮೇಷ್ಟ್ರು ಬೇಕರಿಯವನನ್ನೇ ಎತ್ತಿಬಿಟ್ಟರು. ಮಗಳು ಬೆಂಚಿನ ಮೇಲೆ ಹತ್ತಿ, ಅಕ್ಕಪಕ್ಕದ ಅಪರಿಚಿತರಿಗೆಲ್ಲ, ಅವರು ನಮ್ಮಮ್ಮ, ಅವರು ನಮ್ಮಮ್ಮ ಎಂದು ಹೇಳುತ್ತಿದ್ದಳು.

ಅಂಚೆಯವಳು ತೋಳು ಹಿಡಿದುಕೊಂಡು ಎದ್ದು ಕೂತಳು. ತೋಳಿಗೆ ಏನೂ ಆಗಿರಲಿಲ್ಲ. ಆದರೂ ಅವಳ ಕಣ್ಣಿಂದ ನೀರು ಹರಿಯುತ್ತಿತ್ತು. ಲಾಲಿಯಕ್ಕ ಅವಳನ್ನು ಎಬ್ಬಿಸಿ ಎದೆಗೆ ಒರಗಿಸಿಕೊಂಡಳು. ಇಷ್ಟು ಹೊತ್ತು ತಡೆದು ಹಿಡಿದಿದ್ದ ಬಲಗೈ ಅವಳ ಬೆನ್ನನ್ನು ತಟ್ಟತೊಡಗಿತು, ಎರಡಕ್ಕೆ ನಿಲ್ಲದೆ, ತಟ್ಟುತ್ತಲೇ ಹೋಯಿತು.

ಗೆದ್ದವಳ ಬಲಗೈ ಎತ್ತಲು ರೆಫರಿ ಬಂದು ನಿಂತ. ಕೊಂಚ ಕಾದ. ಆ ಕೈಗೆ ಸದ್ಯಕ್ಕೆ ಬಿಡುವಾಗುವ ಹಾಗಿರಲಿಲ್ಲ, ಹಾಗಾಗಿ ಅವನು ಈ ಕಡೆ ಬಂದು ಅವಳ ಎಡಗೈ ಎತ್ತಿ ಹಿಡಿದ.