ಒಳಗಿರುವವನ ಬಿಲ್ಲೆ

ಕೆಂಟಕಿಯ ನಮ್ಮ ಕಣಿವೆಯಲ್ಲಿ ಗಣಿಗೆ ಇಳಿಯುವವನು ತನ್ನ ಸಂಖ್ಯೆ ಕೆತ್ತಿದ ಹಿತ್ತಾಳೆ ಬಿಲ್ಲೆಯನ್ನು ಗಣಿ ಬಾಯಿಯ ಹಲಗೆಗೆ ತೂಗುಹಾಕಬೇಕು, ಮೇಲೆ ಬಂದಾಗ ತೆಗೆದುಕೊಳ್ಳಬೇಕು. ಬಿಲ್ಲೆ ತೂಗುತ್ತಿದ್ದರೆ ಆಳು ಒಳಗಿದ್ದಾನೆಂದೇ ಅರ್ಥ. ಅಲ್ಲಿಯವರೆಗೆ ಯಾರೂ ಸಿಡಿಮದ್ದು ಹಾರಿಸುವಂತಿಲ್ಲ. ನಮ್ಮ ಅಜ್ಜಂದಿರು ಏಳು ತಿಂಗಳು ಮುಷ್ಕರ ಹೂಡಿ ಗಿಟ್ಟಿಸಿದ ಕಟ್ಟಳೆ ಇದು.

ಹನ್ನೊಂದು ವರ್ಷದ ಹಿಂದೆ ಗಣಿ ಕುಸಿದಾಗ ಅಪ್ಪನ ಹೆಣವೂ ಸಿಗಲಿಲ್ಲ. ಹಲಗೆಯಲ್ಲಿ ಉಳಿದಿದ್ದ ಅವನ ಬಿಲ್ಲೆಯನ್ನು ಅಮ್ಮನ ಕೈಗಿತ್ತು ಗಣಿ ಮುಚ್ಚಿದರು. ಈಗ ಕಂಪನಿಯವರು ಅದೇ ಗುಡ್ಡದ ನೆತ್ತಿಯನ್ನೇ ಮದ್ದಿಟ್ಟು ಹಾರಿಸಿ ಉಳಿದ ಕಲ್ಲಿದ್ದಲು ಬಾಚುತ್ತಿದ್ದಾರೆ. ತೊರೆ ಕಪ್ಪಾಗಿದೆ, ಬಾವಿ ನೀರು ಕೊಳೆತ ಮೊಟ್ಟೆಯಂತೆ ನಾರುತ್ತದೆ. ನಾನು ಬರೆದ ಮನವಿಗಳು ಯಾವ ಕಸದ ಬುಟ್ಟಿ ಸೇರಿದವೋ!

ನಿನ್ನೆ ಅಮ್ಮ ನನ್ನನ್ನೂ ಕರೆದುಕೊಂಡು ಕಂಪನಿಯ ಗೇಟಿಗೆ ಹೋದಳು. ಕಾವಲು ಕೋಣೆಯಲ್ಲಿ ಕೀಲಿಕೈ ತೂಗುಹಾಕುವ ಹಲಗೆಗೆ ಅಪ್ಪನ ಬಿಲ್ಲೆ ಸಿಕ್ಕಿಸಿದಳು.

"ಇದೇನ್ ಚಿಕ್ಕಮ್ಮಾ?" ಎಂದ ಕಾವಲುಗಾರ ವರ್ಲಿನ್. ಅವನ ತಂದೆಯೂ ಅಪ್ಪನ ಜೊತೆ ದುಡಿದವನೇ.

"ನಿಮ್ ಚಿಕ್ಕಪ್ಪ ಒಳಗವ್ರೆ ಕಣೋ. ಅವ್ರು ಬರೋವರ್ಗೂ ಮದ್ದು ಸಿಡಿಸ್ಬ್ಯಾಡಿ."

ವರ್ಲಿನ್ ಟೋಪಿ ತೆಗೆದ. ಅವನಿಗೂ ಕಟ್ಟಳೆ ಗೊತ್ತು. ನನಗೆ, ಥೂ, ಒಂದು ಗಳಿಗೆ ಆಸೆಯೂ ಹುಟ್ಟಿತು.

ಆಮೇಲೆ ಅವನು ಬಿಲ್ಲೆಯನ್ನು ಬಿಡಿಸಿ, ಅಂಗಿಗೆ ಒರೆಸಿ, ಅಮ್ಮನ ಅಂಗೈಯಲ್ಲಿಟ್ಟ.

"ಚಿಕ್ಕಪ್ಪ ಮೇಲ್ ಬಂದ್ರು ಅಂತ ಬರ್ಕೊಳ್ತೀನಿ, ಚಿಕ್ಕಮ್ಮಾ. ನೀವ್ ಕಿವಿ ಮುಚ್ಕೊಳ್ಳಿ."

ಸೈರನ್ ಕೂಗಿತು.