ಅರ್ಧಕ್ಕೆ ನಿಲ್ಲುವ ಮುಳ್ಳು

ನಾನು ಒಂದು ಕೈಗಡಿಯಾರ. ದಿನಕ್ಕೊಮ್ಮೆ ಯಾರಾದರೂ ಕೀಲಿ ಕೊಟ್ಟರೆ ನಡೆಯುತ್ತೇನೆ, ಮರೆತರೆ ನಿಲ್ಲುತ್ತೇನೆ. ಇನ್ನೊಬ್ಬರ ನೆನಪನ್ನು ನಂಬಿ ಬದುಕುವ ವಸ್ತುವಿಗೆ ಹೆದರಿಕೆ ಹುಟ್ಟಿನಿಂದಲೇ ಇರುತ್ತದೆ.

ಹುಟ್ಟಿದ್ದು ಉದ್ದನೆಯ ಒಂದು ಕೋಣೆಯಲ್ಲಿ, ಬಿಳಿ ದೀಪಗಳ ಕೆಳಗೆ. ಒಬ್ಬ ಹೆಣ್ಣುಮಗಳು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಚಿಮಟದಿಂದ ನನ್ನ ಮೂರು ಮುಳ್ಳುಗಳನ್ನು ಒಂದೊಂದಾಗಿ ಕೂರಿಸಿದಳು. ಸೆಕೆಂಡಿನ ಮುಳ್ಳು ಕೊನೆಯದು, ಕೂದಲಿನಷ್ಟು ತೆಳು. ಅದನ್ನು ಕೂರಿಸುವಾಗ ಅವಳು ಉಸಿರು ಹಿಡಿದಿದ್ದಳು. ನಾನು ಈ ಲೋಕದಲ್ಲಿ ಮೊದಲು ಕಂಡದ್ದು ಉಸಿರು ಹಿಡಿದ ಒಂದು ಮುಖ.

ಮೊದಲ ಯಜಮಾನ ಸರ್ವೆ ಇಲಾಖೆಯವನು. ಇಪ್ಪತ್ತೆಂಟು ವರ್ಷ ಅವನ ಜೊತೆ ಹೊಲಗಳ ಗಡಿ ಸುತ್ತಿದೆ. ಮಗ ಚಿದಾನಂದ ಇಳಕಲ್ಲಿನ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರನಾದ ದಿನ ಅವನು ನನ್ನನ್ನು ಬಿಚ್ಚಿ ಮಗನ ಕೈಗೆ ಕಟ್ಟಿದ.

ಚಿದಾನಂದನ ಕೈಯಲ್ಲಿದ್ದಾಗ ನಾನು ಒಮ್ಮೆ ಬಿದ್ದೆ. ಬಟ್ಟೆ ಒಗೆಯುವ ಕಲ್ಲಿನ ಮೂಲೆಗೆ ಬಡಿದೆ. ಗಾಜು ಒಡೆಯಲಿಲ್ಲ, ಆದರೆ ಸೆಕೆಂಡಿನ ಮುಳ್ಳಿನ ಬುಡ ವಾಲಿತು. ಬಸ್ ನಿಲ್ದಾಣದ ಎದುರಿನ ರಿಪೇರಿಯವನು ನನ್ನ ಬೆನ್ನು ತೆಗೆದು ನೋಡಿ ತಲೆ ಅಲ್ಲಾಡಿಸಿದ.

"ಇದರ ಸಾಮಾನು ಈಗ ಎಲ್ಲೂ ಸಿಗಂಗಿಲ್ರಿ ಮಾಸ್ತರ. ಹಿಂಗ ನಡೀಲಿ ಬಿಡ್ರಿ."

ಅಂದಿನಿಂದ ನನಗೊಂದು ಕಾಯಿಲೆ. ಸೆಕೆಂಡಿನ ಮುಳ್ಳು ಆರರ ಹತ್ತಿರ ಬಂದಾಗ ತುಸು ತಗ್ಗುತ್ತದೆ. ನಿಮಿಷದ ಮುಳ್ಳೂ ಆಗ ಅಲ್ಲೇ ಇದ್ದರೆ ಎರಡೂ ಸಿಕ್ಕಿಕೊಳ್ಳುತ್ತವೆ. ಅದು ಗಂಟೆಗೆ ಒಂದೇ ಸಲ, ಸರಿಯಾಗಿ ಅರ್ಧಕ್ಕೆ. ಕೈ ಅಲುಗುತ್ತಿದ್ದರೆ ಬೇಗ ಬಿಡಿಸಿಕೊಳ್ಳುತ್ತೇನೆ. ಕೈ ಅಲುಗದಿದ್ದರೆ ಹಾಗೇ ನಿಂತುಬಿಡುತ್ತೇನೆ.

ಚಿದಾನಂದ ಅದಕ್ಕೆ ಒಂದು ಉಪಾಯ ಕಂಡುಕೊಂಡ. ಅರ್ಧ ಗಂಟೆಯಾಯಿತೆಂದರೆ ಉಗುರಿನಿಂದ ಗಾಜಿಗೆ ಒಂದು ತಟ್ಟು. ಊಟ ಮಾಡುತ್ತಿದ್ದರೂ ಎಡಗೈ ಮುಂದೆ ಚಾಚುತ್ತಿದ್ದ, ಅವನ ಹೆಂಡತಿ ದಾನಮ್ಮ ತಟ್ಟುತ್ತಿದ್ದಳು.

"ನಿಮ್ಮ ಕೂಸು ಅಳಾಕತ್ತೇತಿ ನೋಡ್ರಿ," ಎನ್ನುತ್ತಿದ್ದಳು. "ನಾನರ ಎಷ್ಟಂತ ತಟ್ಲಿ? ತಂದಿ ಅನ್ನಿಸ್ಕೊಂಡಾವರು ನೀವು."

ಅವರ ಮನೆಯಲ್ಲಿ ಬೇರೆ ಕೂಸು ಇರಲಿಲ್ಲ.

ಆಮೇಲೆ ಜ್ವರ ಬಂತು. ಏಳು ದಿನ. ಎಂಟನೆಯ ದಿನ ಆಸ್ಪತ್ರೆಯ ನರ್ಸು ನನ್ನನ್ನು ಅವನ ಕೈಯಿಂದ ಬಿಚ್ಚಿ ದಾನಮ್ಮನ ಕೈಗೆ ಕೊಟ್ಟಳು. ಆಗ ಹನ್ನೊಂದೂವರೆ. ಅಲುಗದ ಕೈಯ ಮೇಲೆ ನಾನು ನಿಂತಿದ್ದೆ. ದಾನಮ್ಮ ಉಗುರಿನಿಂದ ತಟ್ಟಿದಳು. ನಾನು ನಡೆದೆ. ಅವಳು ಮಂಚದ ಕಡೆ ನೋಡಿದಳು.

ಎಂಟು ತಿಂಗಳು ದಾನಮ್ಮ ದಿನಾ ಬೆಳಿಗ್ಗೆ ನನಗೆ ಕೀಲಿ ಕೊಟ್ಟಳು, ಅರ್ಧಕ್ಕೆ ನಿಂತಾಗ ತಟ್ಟಿದಳು. ಅವಳ ಬೆರಳು ತಣ್ಣಗಿರುತ್ತಿತ್ತು. ಮನೆಯಲ್ಲಿ ನನ್ನ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಕೀಲಿ ಕೊಡುವುದು ಅವಳಿಗೆ ಕಷ್ಟವಾಗಿತ್ತು. ಕೊಡದೆ ನನ್ನನ್ನು ನಿಲ್ಲಿಸುವುದು ಇನ್ನೂ ಕಷ್ಟವಾಗಿತ್ತು. ಕೊನೆಗೆ ಹಾಲು ಹಾಕುವ ಗಂಗವ್ವನಿಗೆ ಹೇಳಿದಳು: "ಒಂದು ಹಳೇ ವಾಚ್ ಐತಿ. ದಿನಾ ಕೀಲಿ ಕೊಡುವಂಥವರು ಇದ್ರ ಹೇಳು."

ಒಂದು ಸಂಜೆ ಐದು ಗಂಟೆಗೆ ಒಬ್ಬ ಬಂದ. ಐವತ್ತರ ಆಸುಪಾಸು, ಇಸ್ತ್ರಿ ಮಾಡಿದ ಬಿಳಿ ಅಂಗಿ. ಹೆಸರು ರಾಜೇಸಾಬ ಎಂದ. ಏನು ಕೆಲಸ ಎಂದು ದಾನಮ್ಮ ಕೇಳಲಿಲ್ಲ. ಕೇಳುವುದನ್ನೇ ಅವಳು ಬಿಟ್ಟಿದ್ದಳು.

ಅವನು ನನ್ನನ್ನು ಬಲಗಿವಿಗೆ ಹಿಡಿದು ಕಣ್ಣು ಮುಚ್ಚಿದ. ಒಳ್ಳೆಯ ಕಿವಿ. ನನ್ನ ಒಂದೊಂದು ಹಲ್ಲಿನ ಸದ್ದೂ ಅವನಿಗೆ ಕೇಳುತ್ತಿತ್ತು.

"ಸೆಲ್ಲಿಂದು ನನಗ ಬ್ಯಾಡ್ರಿ ಅಕ್ಕಾರ. ಹಿಂಥಾದ ಬೇಕಿತ್ತು. ಎರಡು ವರ್ಷ ಆತು ಹುಡುಕಾಕತ್ತಿ," ಎಂದ. ನಂತರ ಗಾಜಿನ ಮೇಲೆ ಬೆರಳಿಟ್ಟು ಕೇಳಿದ: "ಈ ಸೆಕೆಂಡಿನ ಮುಳ್ಳು ಬರೋಬ್ಬರಿ ನಡೀತೈತಲ್ರಿ?"

ನಾನು ಹೆದರಿಕೆಯಿಂದ ದಾನಮ್ಮನನ್ನು ನೋಡಿದೆ. ಇಲ್ಲ ಎಂದರೆ ಯಾಕೆ ಎಂದು ಹೇಳಬೇಕು. ತಟ್ಟುವುದನ್ನು ಹೇಳಬೇಕು. ತಟ್ಟುತ್ತಿದ್ದವನನ್ನು ಹೇಳಬೇಕು. ಅಷ್ಟು ಮಾತು ಅವಳ ಹತ್ತಿರ ಇರಲಿಲ್ಲ.

"ಹೂಂ," ಎಂದಳು.

ಆಗ ಐದು ಇಪ್ಪತ್ತೇಳು. ಇನ್ನು ಮೂರು ನಿಮಿಷ ಅವನು ಕುಳಿತಿದ್ದರೆ ತಾನೇ ನೋಡುತ್ತಿದ್ದ. ಚಹಾ ಕುಡಿದು ಎದ್ದ. ಕೇಳಿದಷ್ಟು ಕೊಟ್ಟ. ಅರ್ಧ ಗಂಟೆಯಾಗುವ ಹೊತ್ತಿಗೆ ಅವನು ಸೈಕಲ್ ಮೇಲಿದ್ದ. ರಸ್ತೆಯ ಕುಲುಕಾಟದಲ್ಲಿ ನಾನು ಸಲೀಸಾಗಿ ದಾಟಿಬಿಟ್ಟೆ.

ಮರುದಿನ ಅವನ ಕೆಲಸ ಏನೆಂದು ತಿಳಿಯಿತು. ಅವನು ಊರಾಚೆಯ ಕಲ್ಲು ಕ್ವಾರಿಯಲ್ಲಿ ಮದ್ದು ಸಿಡಿಸುವವನು. ಮದ್ದಿನ ಹತ್ತಿರ ಸೆಲ್ ಇರುವ ಯಾವುದನ್ನೂ ಒಯ್ಯಬಾರದು ಎಂಬುದು ಅಲ್ಲಿಯ ಕಟ್ಟುಪಾಡು. ಮೊಬೈಲು, ಬ್ಯಾಟರಿ, ಸೆಲ್ಲಿನ ವಾಚು ಎಲ್ಲವನ್ನೂ ದೂರದ ಬೇವಿನ ಮರದ ಕೆಳಗೆ ಟವಲಿನಲ್ಲಿ ಸುತ್ತಿಡುತ್ತಿದ್ದರು. ನಾನೊಬ್ಬನೇ ಅವನ ಜೊತೆ ಕಲ್ಲು ತೆಗೆದ ಹಳ್ಳಕ್ಕೆ ಇಳಿಯುತ್ತಿದ್ದೆ.

ಮದ್ದು ತುಂಬಿದ ಒಂಬತ್ತು ಕುಳಿ, ಒಂಬತ್ತು ಬತ್ತಿ. ಮೊದಲ ಬತ್ತಿ ಹಚ್ಚಿದ ಕೂಡಲೇ ಅವನು ನನ್ನನ್ನು ನೋಡುತ್ತಿದ್ದ. ಎರಡು ನಿಮಿಷ. ಅಷ್ಟರಲ್ಲಿ ಎಷ್ಟು ಹಚ್ಚಿದ್ದರೆ ಅಷ್ಟು. ಉಳಿದದ್ದನ್ನು ಬಿಟ್ಟು ಓಡಬೇಕು. ಬತ್ತಿ ಹಚ್ಚುವಾಗ ಅವನ ಕೈ ಕಲ್ಲಿನಷ್ಟು ಅಲುಗಾಟವಿಲ್ಲದ್ದು. ಊರಿನವರೆಲ್ಲ ಹೊಗಳುತ್ತಿದ್ದದ್ದು ಆ ಕೈಯನ್ನೇ. ನಾನು ಹೆದರುತ್ತಿದ್ದದ್ದೂ ಆ ಕೈಗೇ.

ಸದ್ಯ, ಮದ್ದು ಸಿಡಿಸುವುದು ಮಧ್ಯಾಹ್ನ ಸರಿಯಾಗಿ ಒಂದಕ್ಕೆ. ಅರ್ಧಕ್ಕಲ್ಲ. ನಿದ್ದೆಯಲ್ಲಿ ಅವನ ಕೈ ಅಲುಗದಾಗ ಅರ್ಧಕ್ಕೆ ನಿಂತು ನಾನು ಹಿಂದೆ ಬೀಳುತ್ತಿದ್ದೆ, ಆದರೆ ಅವನು ಅದನ್ನು ಮುದಿತನ ಎಂದುಕೊಂಡು ದಿನಾ ಹನ್ನೆರಡಕ್ಕೆ ಸರಿಮಾಡುತ್ತಿದ್ದ. ಹೀಗೆ ಮೂರು ವಾರ ನಡೆಯಿತು. ಪ್ರತಿದಿನ ಒಂದು ಗಂಟೆಗೆ ನಾನು ಸತ್ತು ಹುಟ್ಟುತ್ತಿದ್ದೆ.

ಮುಂದಿನ ಸಂಗತಿಯ ಅರ್ಧ ಭಾಗ ದಾನಮ್ಮ ಆಮೇಲೆ ಹೇಳಿದ್ದು. ಆ ಬೆಳಿಗ್ಗೆ ಗಂಗವ್ವ ಹಾಲು ಅಳೆಯುತ್ತ ನಕ್ಕಳಂತೆ. "ನಿಮ್ಮ ವಾಚು ಈಗ ದೊಡ್ಡ ಸಾಹೇಬ ಆಗೇತ್ರಿ ಅಕ್ಕಾರ! ಅದು ಹೂಂ ಅಂದ್ರನ ರಾಜೇಸಾಬ ಗುಡ್ಡ ಒಡ್ಯಾಂವ."

ಹಾಲಿನ ಪಾತ್ರೆ ಅಲ್ಲೇ ಇಟ್ಟು ದಾನಮ್ಮ ಒಳಗೆ ಹೋದಳು. ಹೊರಗೆ ಬಂದಳು. ಮತ್ತೆ ಒಳಗೆ ಹೋದಳು. ಏನು ಹೇಳುವುದು, ಹೇಗೆ ಹೇಳುವುದು ಎಂದೇ ಹನ್ನೆರಡಾಯಿತು. ಆಮೇಲೆ ನಡೆದೇ ಹೊರಟಳು.

ಅವಳು ಕ್ವಾರಿಗೆ ಬಂದಾಗ ಒಂದಕ್ಕೆ ಎರಡು ನಿಮಿಷವಿತ್ತು. ಕೆಂಪು ಬಾವುಟ ಕಟ್ಟಿದ ಹಗ್ಗವನ್ನು ದಾಟಿ ಒಳಗೆ ಬಂದೇಬಿಟ್ಟಳು. ಕಾವಲಿನ ಯಮನೂರ ಸೀಟಿ ಊದುತ್ತ ಓಡಿಬಂದ.

"ಏ ಅಕ್ಕಾ, ತಲಿ ಗಿಲಿ ಕೆಟ್ಟೈತೇನು? ನನ್ನ ಹೆಸರ ಯಮನೂರ. ನನ್ನ ಕೇಳದ ಆ ಕಡೆ ಹೋಗಾಕ ಬರಂಗಿಲ್ಲ!"

"ರಾಜೇಸಾಬರ ವಾಚು... ಅದು ನಿಲ್ತೈತಿ."

"ನಿಂತ್ರ ರಿಪೇರಿ ಮಾಡಸ್ತಾನ ತಗೋರಿ. ಅದಕ್ಕ ಸಾಯಾಕ ಬರ್ತಾರೇನು?" ಎಂದು ಅವಳನ್ನು ಹಗ್ಗದ ಆಚೆ, ಬೇವಿನ ಮರದ ಕೆಳಗೆ ಕೂರಿಸಿದ. ಹಳ್ಳದ ಕಡೆ ಕೂಗಿದ: "ಸಾಬಾ, ಮಾಸ್ತರ ಮನಿ ಅಕ್ಕಾರು ವಾಚಿನ ಸಲುವಾಗಿ ಬಂದಾರ!"

ರಾಜೇಸಾಬನಿಗೆ ಬೇಸರವಾಯಿತು. ಮಾರಿದ್ದನ್ನು ವಾಪಸು ಕೇಳಲು ಬಂದಿದ್ದಾಳೆ ಎಂದುಕೊಂಡ. "ಕೆಲಸ ಮುಗೀಲಿ, ಮಾತಾಡೂಣಂತ ಹೇಳು!" ಎಂದ.

ಆದರೆ ಒಬ್ಬರು ಹಗ್ಗ ದಾಟಿದರೆಂದರೆ ಎಲ್ಲವನ್ನೂ ಮೊದಲಿನಿಂದ ನೋಡಬೇಕು. ಸುತ್ತ ತಿರುಗಿ ಜನ ಎಣಿಸಬೇಕು, ಆಡು ಓಡಿಸಬೇಕು, ಮೂರು ಸಲ ಸೀಟಿ ಊದಬೇಕು. ಅದಕ್ಕೆ ಅರ್ಧ ಗಂಟೆ ಹಿಡಿಯಿತು. ನನ್ನನ್ನು ಕಾಪಾಡುತ್ತಿದ್ದ ಆ ಒಂದು ಗಂಟೆಯ ಹೊತ್ತು, ಅವಳು ಬಂದದ್ದರಿಂದಲೇ ಕೈತಪ್ಪಿತು.

ರಾಜೇಸಾಬ ಮೊದಲ ಬತ್ತಿ ಹಚ್ಚಿದಾಗ ಒಂದು ಇಪ್ಪತ್ತೊಂಬತ್ತು.

ಎರಡನೆಯದು. ಮೂರನೆಯದು. ಕಲ್ಲು ಪುಡಿಮಾಡುವ ಕ್ರಷರ್ ನಿಲ್ಲಿಸಿದ್ದರು. ಬತ್ತಿಗಳ ಸುಯ್ಯೆನ್ನುವ ಸದ್ದು ಬಿಟ್ಟರೆ ಹಳ್ಳದಲ್ಲಿ ನನ್ನ ಸದ್ದು ಮಾತ್ರ. ಐದನೆಯದನ್ನು ಹಚ್ಚುವಾಗ ನನ್ನ ತೆಳುವಾದ ಮುಳ್ಳು ಆರರ ಹತ್ತಿರ ಬಂತು. ದೊಡ್ಡ ಮುಳ್ಳು ಅಲ್ಲಿ ಕಾಯುತ್ತಿತ್ತು. ಕೈ ಅಲುಗಲಿಲ್ಲ.

ನಾನು ನಿಂತೆ.

ಅವನು ನನ್ನನ್ನು ನೋಡಿದ. ಇನ್ನೂ ಮೂವತ್ತು ಸೆಕೆಂಡು ಇದೆ ಎಂದೆ ನಾನು. ಆರನೆಯದಕ್ಕೆ ಬಾಗಿದ. ಮತ್ತೆ ನೋಡಿದ. ಇನ್ನೂ ಮೂವತ್ತು ಎಂದೆ. ಸುಳ್ಳು ಎಂದು ಕೂಗಬೇಕೆನಿಸಿತು. ನನಗಿರುವುದು ಒಂದೇ ಸದ್ದು, ಅದೂ ಹೋಗಿತ್ತು. ಎಷ್ಟು ಹೊತ್ತು ಹಾಗಿದ್ದೆನೆಂದು ಹೇಳಲಾರೆ. ನಿಂತ ಗಡಿಯಾರಕ್ಕೆ ಹೊತ್ತು ತಿಳಿಯುವುದಿಲ್ಲ.

ಆಗ ಮೇಲಿನಿಂದ ದಾನಮ್ಮನ ದನಿ ಬಂತು. ಒಂದೂವರೆ ಆಯಿತೆಂದು ಯಮನೂರ ಅಂದದ್ದೇ ತಡ, ಎದ್ದು ಕೂಗಿದಳಂತೆ. ಎಂಟು ತಿಂಗಳಲ್ಲಿ ಅಷ್ಟು ದೊಡ್ಡ ದನಿ ಅವಳಿಂದ ಬಂದದ್ದನ್ನು ನಾನು ಕೇಳಿರಲಿಲ್ಲ.

"ಅರ್ಧಕ್ಕ ನಿಲ್ತೈತ್ರಿ ಅದು! ನಮ್ಮನಿಯವರು ತಟ್ಟತಿದ್ರು! ಬಿಟ್ಟು ಓಡ್ರಿ!"

ರಾಜೇಸಾಬ ನನ್ನನ್ನು ಕಿವಿಗೆ ಹಿಡಿದ. ಏನೂ ಕೇಳಲಿಲ್ಲ. ಆ ಮುಖ ನನಗೆ ಈಗಲೂ ಕಾಣುತ್ತದೆ: ಉಸಿರು ಹಿಡಿದ ಮುಖ. ಏಳನೆಯ ಬತ್ತಿಯನ್ನು ಬಿಟ್ಟು ಓಡಿದ. ಓಟದ ಕುಲುಕಿಗೆ ನಾನು ಬಿಡಿಸಿಕೊಂಡು ನಡೆಯತೊಡಗಿದೆ. ಬಂಡೆಯ ಮರೆಗೆ ಇನ್ನು ನಾಲ್ಕು ಹೆಜ್ಜೆ ಇರುವಾಗ ಹಿಂದೆ ಗುಡ್ಡ ಒಡೆಯಿತು.

ಅವನು ಬದುಕಿದ. ಬಲಗಿವಿ ಹೋಯಿತು.

ವಾರದ ನಂತರ ದಾನಮ್ಮ ಅವನ ಮನೆಗೆ ಬಂದು ಹೊಸ್ತಿಲ ಬಳಿ ನಿಂತಳು. "ಅವತ್ತ ನಾನು ಹೂಂ ಅನಬಾರದಿತ್ರಿ," ಎಂದಳು.

"ಈ ಕಡೆ ಬಂದು ಹೇಳ್ರಿ ಅಕ್ಕಾರ, ಆ ಕಿವಿ ರಜಾದ ಮ್ಯಾಲ ಐತಿ," ಎಂದ ಅವನು.

ಅವಳು ಅವನ ಎಡಕ್ಕೆ ಬಂದು ಕುಳಿತಳು. ಒಗೆಯುವ ಕಲ್ಲು, ಉಗುರಿನ ತಟ್ಟು, ಕೂಸಿನ ಮಾತು, ಏಳು ದಿನದ ಜ್ವರ, ಎಲ್ಲ ಹೇಳಿದಳು. ಹೇಳುತ್ತ ಹೇಳುತ್ತ ಕತ್ತಲಾಯಿತು.

ಅವನು ಮದ್ದಿನ ಕೆಲಸ ಬಿಟ್ಟ. ರಿಪೇರಿಯವನ ಹತ್ತಿರ ನನ್ನ ಸೆಕೆಂಡಿನ ಮುಳ್ಳು ಕೀಳಿಸಿ, ಕಾಗದದಲ್ಲಿ ಸುತ್ತಿ ದಾನಮ್ಮನಿಗೆ ಕೊಟ್ಟ. ಅದು ಈಗ ಅವಳ ಸೂಜಿ ಡಬ್ಬಿಯಲ್ಲಿದೆಯಂತೆ.

ಈಗ ನನ್ನಲ್ಲಿ ಸಿಕ್ಕಿಕೊಳ್ಳುವಂಥದ್ದು ಏನೂ ಇಲ್ಲ. ಆದರೂ ಪ್ರತಿ ಅರ್ಧ ಗಂಟೆಗೆ ಒಂದು ಉಗುರಿಗಾಗಿ ಕಾಯುತ್ತೇನೆ. ನನ್ನ ಜಾಗ ಗೋಡೆಯ ಗೂಡು. ರಾಜೇಸಾಬನಿಗೆ ವಯಸ್ಸಾಗಿದೆ. ಬೆಳಗಿನ ಚಹಾ ಆದ ಮೇಲೆ ಕೀಲಿ ಕೊಡುತ್ತಾನೆ. ಸೆಕೆಂಡಿನ ಮುಳ್ಳಿಲ್ಲದ ನಾನು ನಡೆಯುತ್ತಿದ್ದೇನೋ ಇಲ್ಲವೋ ನೋಡಿದರೆ ತಿಳಿಯುವುದಿಲ್ಲ. ಅದಕ್ಕೇ ಹಳೆಯ ರೂಢಿಯಂತೆ ನನ್ನನ್ನು ಬಲಗಿವಿಗೆ ಹಿಡಿಯುತ್ತಾನೆ.

ಏನೂ ಕೇಳುವುದಿಲ್ಲ. ಅವನ ಮುಖ ಬಿಗಿಯುತ್ತದೆ. ಆ ಒಂದು ಕ್ಷಣ ನಾನು ನಿಂತಿದ್ದೇನೆ ಎಂದು ಅವನೂ ನಂಬುತ್ತಾನೆ, ನಾನೂ ನಂಬುತ್ತೇನೆ. ಆಮೇಲೆ ಅವನಿಗೆ ನೆನಪಾಗುತ್ತದೆ. ನನ್ನನ್ನು ಮೆಲ್ಲಗೆ ಎಡಗಿವಿಗೆ ತರುತ್ತಾನೆ.